ಮೂವತ್ತನಾಲ್ಕು ಹಲ್ಲಿನ ಹರಕೆ

ಭಗವಂತನಿಗೆ ಬೇಸರವಾದಾಗಲೆಲ್ಲ ನನ್ನನ್ನು ಒಂದು ಸೈಕಲ್ ಮೇಲೆ ಕೂರಿಸಿ ನೋಡುತ್ತಾನೆ ಅಂತ ನನಗೆ ಈಗೀಗ ಖಾತ್ರಿಯಾಗುತ್ತಿದೆ. ಇಲ್ಲದಿದ್ದರೆ ಇಂಥವೆಲ್ಲ ಮದ್ದೂರಿನ ಇಷ್ಟೊಂದು ಜನರಲ್ಲಿ ನನ್ನೊಬ್ಬನಿಗೇ ಯಾಕೆ ಆಗಬೇಕು?

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಯಸ್ಸು ಐವತ್ತೊಂದು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಿರಿ ಅಂದರು, ನಡೆದೆ. ನಡಿಗೆ ಓಟವಾಯಿತು. ಚಿಕ್ಕಂದಿನಲ್ಲಿ ಶಿಂಷಾ ಹೊಳೆಯಲ್ಲಿ ಕಲಿತ ಈಜು ಮರೆತಿರಲಿಲ್ಲ. ಸೈಕಲ್ಲಂತೂ ಮನೆಯಲ್ಲಿತ್ತು. ಈ ಮೂರೂ ಕೂಡಿ ನನ್ನನ್ನು ಟ್ರಯಾಥ್ಲಾನ್ ಎಂಬಲ್ಲಿಗೆ ತಂದು ನಿಲ್ಲಿಸಿದವು. ಮಳವಳ್ಳಿಯಿಂದಾಚೆ ಬೆಟ್ಟದ ಸಾಲಿನಲ್ಲಿ ನಡೆಯುವ ಸ್ಪರ್ಧೆ ಅದು. ಬೆಳಗ್ಗೆ ಕೆರೆಯಲ್ಲಿ ಎರಡು ಕಿಲೋಮೀಟರ್ ಈಜಬೇಕು, ಒದ್ದೆ ಬಟ್ಟೆಯಲ್ಲೇ ಎದ್ದು ಏರಿಳಿತದ ದಾರಿಯಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು.

ಹೋದ ವರ್ಷ ಮೊದಲ ಸಲ ಹೋಗಿದ್ದೆ. ಸೈಕಲ್ಲಿನ ಕೊನೆಯ ಏರಿನಲ್ಲಿ ಕಾಲು ಸೋತು ಇಳಿದುಬಿಟ್ಟೆ. ತಳ್ಳಿಕೊಂಡು ಬೆಟ್ಟ ಹತ್ತುವಷ್ಟರಲ್ಲಿ ಸೈಕಲ್ಲಿಗೆ ಕೊಟ್ಟಿದ್ದ ಗಡುವು ಮುಗಿದಿತ್ತು. ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುವ ವ್ಯಾನಿನಲ್ಲಿ ಸೈಕಲ್ಲಿನ ಪಕ್ಕ ನಾನೂ ಒಂದು ಸಾಮಾನಿನ ಹಾಗೆ ಕೂತು ವಾಪಸ್ಸಾದೆ. ಮಾರನೆಯ ದಿನ ಒಂಬತ್ತನೇ ತರಗತಿಗೆ ಹೋದರೆ ಗೋಡೆಯ ಮೇಲೆ ನಾನೇ ಬರೆಸಿದ್ದ ಸಾಲು: 'ಹಿಡಿದ ಲೆಕ್ಕವನ್ನು ಅರ್ಧಕ್ಕೆ ಬಿಡಬಾರದು.' ಮಕ್ಕಳು ನನ್ನನ್ನು ನೋಡಿದವು, ಗೋಡೆಯನ್ನು ನೋಡಿದವು, ಅಷ್ಟೆ.

ಅಂದೇ ಸಂಜೆ ಆಂಜನೇಯನ ಮುಂದೆ ನಿಂತು ಹರಕೆ ಹೊತ್ತೆ. 'ಸ್ವಾಮಿ, ಬರುವ ವರ್ಷ ಅದೇ ಏರನ್ನು ಕಾಲು ನೆಲಕ್ಕೆ ಊರದೆ, ಗಡುವಿನೊಳಗೆ ಹತ್ತಿ ನಿನ್ನ ಸನ್ನಿಧಿಗೆ ಬರುತ್ತೇನೆ. ಶಕ್ತಿ ನಿನ್ನದು, ಸೈಕಲ್ಲು ನನ್ನದು.'

ಮನೆಯ ಹಳೇ ಸೈಕಲ್ಲಂತೂ ಆ ಏರಿಗೆ ಆಗದು, ಹೊಸದೇ ಬೇಕು. ಆ ಹೊಸ ಸೈಕಲ್ಲು ಯಾವುದು ಅನ್ನುವಲ್ಲಿಂದಲೇ ಶುರುವಾಯಿತು.

೧. ಕೈಮುಗಿದು ಹೊರಟ ಮೇಷ್ಟ್ರು

ಮಂಡ್ಯದ ಸೈಕಲ್ ಅಂಗಡಿಯವರು ಒಂದು ಹೊಸ ನಮೂನೆಯದನ್ನು ತೋರಿಸಿದರು. ಹ್ಯಾಂಡಲ್ಲಿನ ನಡುವೆ ಮುಂದಕ್ಕೆ ಚಾಚಿದ ಎರಡು ಕಂಬಿ. ಮೊಣಕೈಯನ್ನು ಮೆತ್ತೆಯ ಮೇಲೆ ಊರಿ, ಆ ಕಂಬಿ ಹಿಡಿದು, ಬೆನ್ನು ಬಗ್ಗಿಸಿ, ಹೆಚ್ಚೂಕಡಿಮೆ ಮಲಗಿಕೊಂಡೇ ತುಳಿಯಬೇಕು. ಗಾಳಿ ಎದುರಾಗುವುದಿಲ್ಲವಂತೆ.

"ಹತ್ತಿ ನೋಡಿ ಸಾರ್, ಬಾಣ ಹೋದಂಗೆ ಹೋಗುತ್ತೆ," ಅಂದರು ಅಂಗಡಿಯವರು.

ಹತ್ತಿದೆ. ನನಗೆ ಬಹಳ ಹಿಡಿಸಿತು. ಎರಡು ಕೈಯೂ ಮುಖದ ಮುಂದೆ ಜೋಡಿಸಿದಂತೆ ಬರುತ್ತದೆ. ತೊಂಬತ್ತು ಕಿಲೋಮೀಟರೂ ನಮಸ್ಕಾರದ ಭಂಗಿ. ಇದಕ್ಕಿಂತ ಭಕ್ತಿಯ ಸೈಕಲ್ ಇನ್ನೊಂದಿಲ್ಲ ಅಂದುಕೊಂಡು ರಸ್ತೆಯಲ್ಲಿ ಒಂದು ಸುತ್ತು ಬಂದೆ. ಬ್ರೇಕು ಮಾತ್ರ ಆ ಕಂಬಿಯಲ್ಲಿರಲಿಲ್ಲ, ಅತ್ತ ಪಕ್ಕದ ಹ್ಯಾಂಡಲ್ಲಿನಲ್ಲಿತ್ತು.

ಹನಕೆರೆಯ ರೈತರೊಬ್ಬರು ತಮ್ಮ ಹಳೇ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ಇಳಿದ ಮೇಲೆ ಸಮಾಧಾನವಾಗಿ ಕೇಳಿದರು.

"ಮೇಷ್ಟ್ರೆ, ಎದುರ್ಗೆ ಕಬ್ಬಿನ್ ಲಾರಿ ಬಂದ್ರೆ ಏನ್ ಮಾಡೀರಿ?"

"ಕೈ ತೆಗೆದು ಬ್ರೇಕು ಹಿಡಿಯಬೇಕು."

"ಅಷ್ಟರಲ್ಲಿ ಅದು ಬಂದ್ಬುಡ್ತದೆ."

"ಹಾಗಾದರೆ?"

"ತೊಂದ್ರೆ ಇಲ್ಲ ಬುಡಿ. ಎಂಗೂ ಕೈ ಮುಗ್ಕೊಂಡೇ ಇರ್ತೀರಲ್ಲ, ಸೀದಾ ಮೇಲಕ್ಕೇ ಓಯ್ತೀರಿ."

ಆ ಸೈಕಲ್ಲನ್ನು ಅಲ್ಲೇ ಬಿಟ್ಟೆ. ಸಾದಾ ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್ಲೇ ಸಾಕು ಅಂತ ತೀರ್ಮಾನವಾಯಿತು.

೨. ಗದ್ದೆಯ ಗೇರು

ಸೈಕಲ್ಲಿನ ಜಾತಿ ತೀರ್ಮಾನವಾದರೂ ಗೇರು ಬಾಕಿಯಿತ್ತು. ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದರಲ್ಲಿ ಹಿಂದಿನ ಚಕ್ರದ ದೊಡ್ಡ ಗೇರಿಗೆ ಇಪ್ಪತ್ತೈದು ಹಲ್ಲು, ಇನ್ನೊಂದರಲ್ಲಿ ಮೂವತ್ತನಾಲ್ಕು. ಹಿಂದೆ ಹಲ್ಲು ಹೆಚ್ಚಾದಷ್ಟೂ ಏರಿನಲ್ಲಿ ತುಳಿಯುವುದು ಹಗುರ, ಆದರೆ ಸೈಕಲ್ಲು ನಿಧಾನ.

"ಮೂವತ್ತನಾಲ್ಕು ವಯಸ್ಸಾದೋರಿಗೆ ಸಾರ್," ಅಂದರು ಅಂಗಡಿಯವರು. ಆಮೇಲೆ ನನ್ನ ತಲೆಗೂದಲು ನೋಡಿ, "ಬೇರೆ ಥರ ವಯಸ್ಸಾದೋರಿಗೆ," ಅಂತ ಸೇರಿಸಿದರು.

ನಾನು ಮನೆಗೆ ಬಂದು ಮೂರು ಹಾಳೆ ಲೆಕ್ಕ ಮಾಡಿದೆ. ನನ್ನ ತೂಕ, ಸೈಕಲ್ಲಿನ ತೂಕ, ಏರಿನ ಕೋನ, ನಿಮಿಷಕ್ಕೆ ಎಷ್ಟು ಸುತ್ತು. ಉತ್ತರ ಇಪ್ಪತ್ತೈದು ಅಂತ ಬಂತು. ಹಿಗ್ಗಿಹೋದೆ. ಟ್ರ್ಯಾಕ್ಟರ್ ಇಟ್ಟುಕೊಂಡು ಬೇಸಾಯ ಮಾಡುವ ನನ್ನ ಭಾಮೈದ ಅಷ್ಟರಲ್ಲಿ ನಿಡಘಟ್ಟದಿಂದ ಬಂದ. ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟವನು.

"ಬಾವ, ಕೆಸರ್ ಗದ್ದೇಲಿ ಉಳೋವಾಗ ನಾನ್ ಟಾಪ್ ಗೇರ್ ಹಾಕ್ತೀನಾ?"

"ಇಲ್ಲ."

"ಹಾಕುದ್ರೆ?"

"ಇಂಜಿನ್ ನಿಂತುಹೋಗುತ್ತೆ."

"ಓದ್ ವರ್ಸ ನೀವ್ ನಿಂತೋದ್ರಲ್ಲ, ಹಂಗೆ. ಲೋ ಗೇರ್ ಹಾಕ್ಕೊಂಡ್ ಗುಡುಗುಡು ಅಂತ ಓಗೋದಪ್ಪ. ಇದ್ಕೆ ಮೂರಾಳೆ ಯಾಕ್ ಬೇಕು?"

ನನ್ನ ಹೆಂಡತಿ ಒಳಗಿಂದ ಬಂದು ಆ ಹಾಳೆಗಳನ್ನು ನೋಡಿದಳು. "ರೀ, ತೂಕ ಅರವತ್ತೆಂಟು ಅಂತ ಹಾಕಿದ್ದೀರಲ್ಲ, ಇದು ಮದುವೆ ವರ್ಷದ್ದು," ಅಂದಳು.

೩. ಹೂವಿನ ಅಪ್ಪಣೆ

ಭಾಮೈದನ ಮಾತು ಸರಿ ಅನ್ನಿಸಿದರೂ ಸ್ವಾಮಿಯ ಅಪ್ಪಣೆ ಇಲ್ಲದೆ ನಾನು ಯಾವ ಹೆಜ್ಜೆಯನ್ನೂ ಇಟ್ಟವನಲ್ಲ. ನಮ್ಮ ಕಡೆ ಹೂವಿನ ಪ್ರಸಾದ ಕೇಳುವ ಪದ್ಧತಿ. ದೇವರ ಮುಂದೆ ನಿಂತು ಮನಸ್ಸಿನಲ್ಲಿ ಪ್ರಶ್ನೆ ಇಟ್ಟರೆ, ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯಿಂದ ಬಿದ್ದರೆ ಬೇಡ ಅಂತ. ನನ್ನ ಮದುವೆ, ಮನೆ ಪಾಯ, ಮಗಳ ಕಾಲೇಜು, ಎಲ್ಲವೂ ಬಲಗಡೆಯವೇ.

ಶನಿವಾರ ಹೋಗಿ ಕೈಮುಗಿದು ನಿಂತೆ. ಐದು ನಿಮಿಷಕ್ಕೆ ಬಲಗಡೆಯಿಂದ ಒಂದು ಸೇವಂತಿಗೆ ಉದುರಿತು. ನನ್ನ ಕಣ್ಣು ತುಂಬಿ ಬಂತು.

ಅರ್ಚಕರು ಹೂವು ಕೊಡುತ್ತ, "ಏನು ಕೇಳಿಕೊಂಡ್ರಿ ಮೇಷ್ಟ್ರೆ?" ಅಂದರು.

"ಸೈಕಲ್ ಗೇರಿಗೆ ನನ್ನ ಲೆಕ್ಕದ ಇಪ್ಪತ್ತೈದು ಹಲ್ಲೋ, ಭಾಮೈದನ ಮೂವತ್ತನಾಲ್ಕೋ ಅಂತ ಕೇಳಿದೆ ಸ್ವಾಮಿ."

ಅರ್ಚಕರು ವಿಗ್ರಹದ ಕಡೆ ತಿರುಗಿದರು. "ಅದಕ್ಕೆ ಅವನು ಆಗಲಿ ಅಂದಿದ್ದಾನೆ."

"ಹೌದು."

"ಯಾವುದು ಆಗಲಿ?"

ಇಪ್ಪತ್ತಾರು ವರ್ಷ ಮಕ್ಕಳಿಗೆ 'ಪ್ರಶ್ನೆ ಸರಿಯಾಗಿ ಓದಿ' ಅಂತ ಹೇಳಿದವನು ದೇವರಿಗೇ ತಪ್ಪು ಪ್ರಶ್ನೆಪತ್ರಿಕೆ ಕೊಟ್ಟಿದ್ದೆ. ಸರಿ, ಮತ್ತೆ ನಿಂತೆ. 'ಸ್ವಾಮಿ, ಮೂವತ್ತನಾಲ್ಕು ಆಗಲೇ?' ಕಾಲು ಗಂಟೆ, ಅರ್ಧ ಗಂಟೆ. ಹೂವು ಅಲ್ಲಾಡಲಿಲ್ಲ. ನನ್ನ ಹಿಂದೆ ಮನೆ ಕಟ್ಟುವವರು, ಹೆಣ್ಣು ನೋಡಿ ಬಂದವರು, ಬೋರ್‌ವೆಲ್ ಕೊರೆಸುವವರು ಸಾಲುಗಟ್ಟಿದರು.

ಕೊನೆಗೆ ಅರ್ಚಕರು ಮೆತ್ತಗೆ ನನ್ನ ಕಿವಿಯ ಹತ್ತಿರ ಬಂದರು. "ಮೇಷ್ಟ್ರೆ, ಬೇಜಾರು ಮಾಡ್ಕೋಬೇಡಿ. ಒಂದೇ ನೆಗೆತಕ್ಕೆ ಸಮುದ್ರ ದಾಟಿದವನನ್ನ ಗೇರಿನ ವಿಷಯ ಕೇಳಿದ್ರೆ ಅವನಾದ್ರೂ ಏನು ಹೇಳ್ತಾನೆ? ಭಾಮೈದನ್ನೇ ಕೇಳಿ."

ಮೂವತ್ತನಾಲ್ಕನ್ನೇ ಹಾಕಿಸಿದೆ.

೪. ನಿಂಬೆಹಣ್ಣು

ಹೊಸ ಗಾಡಿಗೆ ಪೂಜೆಯಾಗಬೇಕಲ್ಲ. ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಬೀದಿಯವರೆಲ್ಲ ನಿಂತಿದ್ದರು. ನಾನು ದೇವರ ಹೆಸರು ಹೇಳಿ ತುಳಿದೆ.

ಕಾರಿನ ಚಕ್ರ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ಬೆರಳಿನಷ್ಟು ಸಣ್ಣ ಟೈರು ಏನು ಮಾಡುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ನಿಂಬೆಹಣ್ಣು ಉರುಳಿತು, ಟೈರು ಜಾರಿತು, ನಾನು ಹಾರದ ಸಮೇತ ರಂಗೋಲಿಯ ಮೇಲೆ ಮಲಗಿದೆ.

ಬೀದಿಯೆಲ್ಲ ಗಾಬರಿಯಾಗಿ ನಿಂತಾಗ ಎದುರು ಮನೆಯಾಕೆ ನಿಂಬೆಹಣ್ಣನ್ನು ಎತ್ತಿ ಸೆರಗಿನಲ್ಲಿ ಒರೆಸಿದರು.

"ಇದ್ಕೇನೂ ಆಗಿಲ್ಲ ಕಣಮ್ಮ," ಅಂತ ನನ್ನ ಹೆಂಡತಿಗೆ ಸಮಾಧಾನ ಹೇಳಿದರು. "ಸಂಜೆ ಚಿತ್ರಾನ್ನಕ್ಕೆ ಆಯ್ತದೆ."

೫. ಜೊತೆಗೆ ಬಂದ ಅಜ್ಜಿ

ಅಭ್ಯಾಸಕ್ಕೆ ಭಾನುವಾರಗಳಲ್ಲಿ ಮಳವಳ್ಳಿ ದಾಟಿ, ಹಲಗೂರಿನ ಕಡೆಯ ಏರುಗಳಿಗೆ ಹೋಗುತ್ತಿದ್ದೆ. ಮೂವತ್ತನಾಲ್ಕು ಹಲ್ಲಿನ ಮಹಿಮೆ ಏನೆಂದರೆ ಕಾಲು ಗಿರಗಿರ ತಿರುಗುತ್ತದೆ, ಆ ರಭಸಕ್ಕೆ ತಲೆಯೂ ಮೇಲೆ ಕೆಳಗೆ ಆಡುತ್ತದೆ, ಸೈಕಲ್ಲು ಮಾತ್ರ ಆಳವಾಗಿ ಯೋಚನೆ ಮಾಡುತ್ತ ಹೋಗುತ್ತದೆ. ಬೀಳುವುದಿಲ್ಲ, ನಿಲ್ಲುವುದಿಲ್ಲ, ಹೋಗುವುದೂ ಇಲ್ಲ.

ಒಂದು ಏರಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಹಿಂದಿನಿಂದ ಬಂದು ನನ್ನ ಪಕ್ಕಕ್ಕೆ ಸೇರಿದರು. ಊರು ಯಾವುದು, ಮಕ್ಕಳೆಷ್ಟು, ಸಂಬಳ ಎಷ್ಟು, ಎಲ್ಲ ವಿಚಾರಿಸಿದರು. ನಾನು ಏದುಸಿರು ಬಿಡುತ್ತ ಒಂದೊಂದಕ್ಕೂ ಉತ್ತರ ಕೊಟ್ಟೆ.

"ಅಲ್ಲ ಮಗ, ಆಗ್ಲಿಂದ ಒಂದೇ ಸಮ ತುಳೀತಾ ಇದ್ದೀಯಲ್ಲ, ಎಲ್ಲಿಗ್ ಓಗ್ಬೇಕು?"

"ಈ ಏರಿನ ತುದಿಗೆ ಅಜ್ಜಿ. ಅಲ್ಲಿ ಟೀ ಅಂಗಡಿ ಇದೆಯಲ್ಲ, ಅಲ್ಲಿಗೆ."

"ಓ, ಅಷ್ಟೇಯಾ," ಅಂತ ಅಜ್ಜಿ ಹೊರೆ ಸರಿಮಾಡಿಕೊಂಡರು. "ಹಂಗಾರೆ ನಾನ್ ಮುಂದ್ ಓಗಿ ಟೀ ಇಡೋಕ್ ಏಳಿರ್ತೀನಿ. ನೀನ್ ನಿದಾನಕ್ ಬಾ."

೬. ಮಡಿ

ಸ್ಪರ್ಧೆಯ ದಿನ ಬಂತು. ಈಜು ಮುಗಿಯಿತು. ಎಂಬತ್ತೆಂಟು ಕಿಲೋಮೀಟರ್ ಸೈಕಲ್ಲೂ ಸ್ವಾಮಿಯ ದಯದಿಂದ ಆಯಿತು. ಉಳಿದದ್ದು ಆ ಕೊನೆಯ ಏರು. ಗಡುವಿಗೆ ಅರ್ಧ ಗಂಟೆ ಇತ್ತು.

ಏರಿನ ನಡುಮಧ್ಯೆ, ಅತಿ ಕಡಿದಾದ ತಿರುವಿನಲ್ಲಿ, ನನ್ನ ಭಾಮೈದ ಟೆಂಪೋ ಮಾಡಿಕೊಂಡು ಇಪ್ಪತ್ತು ಜನ ನೆಂಟರನ್ನು ಕರೆತಂದು ನಿಲ್ಲಿಸಿದ್ದ. ಹೆಂಡತಿಯ ಅಕ್ಕ ಬಿಂದಿಗೆಯಲ್ಲಿ ನೀರು ಹಿಡಿದಿದ್ದರು. ಇದೆಲ್ಲ ನನ್ನ ಸಂತೋಷಕ್ಕೇ. ಆದರೆ ನಮ್ಮ ಜನರಿಗೆ ಒಂದು ಅಭ್ಯಾಸವಿದೆ. ಏರಿನಲ್ಲಿ ಗಾಡಿ ತಿಣುಕುವುದು ಕಂಡರೆ, ಅದು ಯಾರದೇ ಆಗಲಿ, ಕೇಳದೆ ಹೋಗಿ ಹೆಗಲು ಕೊಟ್ಟು ನೂಕುತ್ತಾರೆ. ಸ್ಪರ್ಧೆಯಲ್ಲೋ, ಹೊರಗಿನವರು ಒಂದು ಬೆರಳು ತಾಗಿಸಿದರೂ ಆಟದಿಂದ ಹೊರಗೆ. ನನ್ನ ಹಿಂದೆಯೇ ಮೋಟಾರ್ ಸೈಕಲ್ಲಿನಲ್ಲಿ ತೀರ್ಪುಗಾರರು ಬರುತ್ತಿದ್ದರು.

"ಬಾವ ತಿಣುಕ್ತಾವ್ರೆ, ಬನ್ರಲಾ, ನೂಕ್ರಲಾ," ಅಂತ ಭಾಮೈದ ಪಂಚೆ ಎತ್ತಿ ಕಟ್ಟಿದ. ಆರು ಜನ ನನ್ನ ಕಡೆ ಓಡಿ ಬಂದರು.

"ಬೇಡ, ರೂಲ್ಸಿದೆ," ಅಂದೆ.

"ರೂಲ್ಸ್ ಇರ್ಲಿ ಬುಡಿ ಬಾವ, ನಾವೇ ಅಲ್ವಾ."

ಅವರು ನನ್ನನ್ನು ಮುಟ್ಟಲು ಇನ್ನು ನಾಲ್ಕು ಹೆಜ್ಜೆ. ಒಂದು ವರ್ಷದ ಹರಕೆ ಆರು ಜೊತೆ ಕೈಯಲ್ಲಿ ಮುಗಿದುಹೋಗುವುದರಲ್ಲಿತ್ತು. ಸ್ವಾಮಿಯೇ ನುಡಿಸಿರಬೇಕು, ನನ್ನ ಬಾಯಿಂದ ಬಂತು. "ಮುಟ್ಟಬೇಡಿ, ಹರಕೆ ಮಡೀಲಿದ್ದೀನಿ."

ಆರೂ ಜನ ಕರೆಂಟು ಹೊಡೆದವರಂತೆ ಹಿಂದಕ್ಕೆ ಸರಿದರು. ನಾನು ಸುಳ್ಳು ಹೇಳಿದೆ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಬೆಳಗ್ಗೆ ಕೆರೆಯಲ್ಲಿ ಮುಳುಗಿ ಎದ್ದಿದ್ದೆ, ಮೈಮೇಲೆ ಇನ್ನೂ ಅದೇ ಒದ್ದೆ ಬಟ್ಟೆ, ಬಾಳೆಹಣ್ಣು ಬಿಟ್ಟು ಬೇರೇನೂ ತಿಂದಿರಲಿಲ್ಲ. ಇದಕ್ಕಿಂತ ಮಡಿ ಇನ್ನೇನಿದೆ?

ಆದರೆ ನಮ್ಮವರು ಏನನ್ನೂ ಅರ್ಧಕ್ಕೆ ನಿಲ್ಲಿಸುವವರಲ್ಲ. ಕೊಂಡ ಹಾಯಲು ಹೊರಟವನಿಗೆ ಮಾಡುವ ಮರ್ಯಾದೆಯೆಲ್ಲ ಶುರುವಾಯಿತು. "ದಾರಿ ಬುಡ್ರಪ್ಪೋ, ಮಡೀಲವ್ರೆ," ಅಂತ ಭಾಮೈದ ಟವೆಲ್ ಬೀಸುತ್ತ ಮುಂದೆ ಓಡಿದ. ಹೆಂಡತಿಯ ಅಕ್ಕ ನನ್ನ ಚಕ್ರದ ಮುಂದೆ ಬಿಂದಿಗೆಯ ನೀರು ಸುರಿದರು. ಕಡಿದಾದ ಏರಿನಲ್ಲಿ ಒದ್ದೆ ರಸ್ತೆ. ಹಿಂದಿನ ಚಕ್ರ ಗಿರ್ರನೆ ಜಾರಿತು, ಎಡಗಾಲು ನೆಲದ ಕಡೆ ಹೊರಟಿತು. 'ಸ್ವಾಮಿ' ಅಂದೆ. ಮೂವತ್ತನಾಲ್ಕು ಹಲ್ಲು ಕಚ್ಚಿಕೊಂಡಿತು. ಕಾಲು ವಾಪಸ್ಸು ಬಂತು.

ಅಷ್ಟರಲ್ಲಿ ಅಕ್ಕ ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನನ್ನ ಪಕ್ಕದಲ್ಲೇ ನಡೆಯುತ್ತ, ಮೈಮೇಲೆ ದೇವರು ಬಂದವರನ್ನು ಕೇಳುವ ಹಾಗೆ ಭಕ್ತಿಯಿಂದ ಕೇಳಿದರು. "ಮೇಷ್ಟ್ರೆ, ನಮ್ ಉಡ್ಗೀಗೆ ಈ ವರ್ಸ ಗಂಡು ಕೂಡ್ಬತ್ತದಾ?"

ನನಗೆ ಉಸಿರೇ ಇರಲಿಲ್ಲ, ಇನ್ನು ಮಾತೆಲ್ಲಿ. ತಲೆ ಮಾತ್ರ ತುಳಿತದ ಜೊತೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು.

"ಆಯ್ತದಂತೆ ಕಣ್ರೋ," ಅಂತ ಅಕ್ಕ ಕಣ್ಣೊರೆಸಿಕೊಂಡರು.

ಅಲ್ಲಿಗೆ ಟೆಂಪೋದವರೆಲ್ಲ ಸಾಲಾಗಿ ಪಕ್ಕಕ್ಕೆ ಬಂದರು. ಬೋರಿನಲ್ಲಿ ನೀರು ಬೀಳುತ್ತಾ? ಬೀಳುತ್ತೆ. ಮಗ ಪಿಯುಸಿ ಪಾಸಾಗುತ್ತಾನಾ? ಆಗುತ್ತಾನೆ. ಸೊಂಟ ನೋವು ಹೋಗುತ್ತಾ? ಹೋಗುತ್ತೆ. ಯಾರಿಗೂ ಇಲ್ಲ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬೆಟ್ಟದ ತುದಿ ಮುಟ್ಟಿದಾಗ ಗಡುವಿಗೆ ಇನ್ನೂ ನಾಲ್ಕು ನಿಮಿಷ ಇತ್ತು. ಕಾಲು ಊರಿರಲಿಲ್ಲ, ಒಂದು ಕೈಯೂ ತಾಗಿರಲಿಲ್ಲ. ಕಣ್ಣು ತುಂಬಿಕೊಂಡು ಸ್ವಾಮಿಯನ್ನು ನೆನೆಯುತ್ತಿರುವಾಗಲೇ ಹಿಂದಿನಿಂದ ತೀರ್ಪುಗಾರರ ಮೋಟಾರ್ ಸೈಕಲ್ಲು ಪಕ್ಕಕ್ಕೆ ಬಂತು. ಅವರು ಎಲ್ಲವನ್ನೂ ನೋಡಿದ್ದರು. ಮುಖ ಗಂಭೀರವಾಗಿತ್ತು. ಇಷ್ಟೊಂದು ಜನ ಜೊತೆಯಲ್ಲಿ ಓಡಿದ್ದೂ ತಪ್ಪೇ ಇರಬೇಕು, ಮುಗಿಯಿತು ನನ್ನ ಕಥೆ ಅಂದುಕೊಂಡೆ.

ತೀರ್ಪುಗಾರರು ಅತ್ತ ಇತ್ತ ನೋಡಿದರು. ಹೆಲ್ಮೆಟ್ಟಿನ ಗಾಜು ಎತ್ತಿದರು. ದನಿ ತಗ್ಗಿಸಿದರು.

"ಸಾರ್, ನಾನೂ ಮೇಷ್ಟ್ರೇ, ಪಿ.ಟಿ. ಒಂಬತ್ತು ವರ್ಷದಿಂದ ಬೇರೆ ಜಿಲ್ಲೆಯಲ್ಲಿ ಕೊಳೀತಿದ್ದೀನಿ. ಈ ಸಲನಾದ್ರೂ ಟ್ರಾನ್ಸ್‌ಫರ್ ಆಗುತ್ತಾ?"

ನನ್ನ ತಲೆ ಇನ್ನೂ ನಿಂತಿರಲಿಲ್ಲ.