ನಮ್ಮ ಮಾವನ ಹನ್ನೊಂದು ಮಂದಿ

ಸಾವಿನ ಮನೆಗೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಹೋಗಬೇಕು. ಆದರೆ "ದಯವಿಟ್ಟು ಬರಬೇಡಿ" ಎಂದು ಸಾವಿನ ಮನೆಯಿಂದಲೇ ಫೋನು ಬರುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನರಸಿಂಹರಾಜಪುರದಲ್ಲಿ ಆ ಗೌರವ ಸಿಕ್ಕಿರುವುದು ಒಬ್ಬರಿಗೇ. ಅವರು ನನ್ನ ಸೋದರಮಾವ!

ಮಾವ ಕುಡುಕರಲ್ಲ, ಜಗಳಗಂಟರೂ ಅಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು ಊರಿನವರ ಮಾನ ಮುಚ್ಚಿದವರು. ಅವರಿಗಿರುವುದು ಒಂದೇ ಕಾಯಿಲೆ. ಒಂದಾನೊಂದು ಕಾಲದಲ್ಲಿ ನಮ್ಮೂರಿಗೆ ಹಾಕಿ ತಂಡವೊಂದಿತ್ತು. ಅದು ಮುಚ್ಚಿಹೋಗಿ ನಲವತ್ತು ವರ್ಷದ ಮೇಲಾಯಿತು. ತಂಡ ಆಡುತ್ತಿದ್ದ ಮೈದಾನದ ಅರ್ಧ ಭಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ, ಉಳಿದರ್ಧದಲ್ಲಿ ಲಂಟಾನ ಬೆಳೆದಿದೆ. ಆದರೆ ಮಾವನ ಪಾಲಿಗೆ ಆ ತಂಡ ನಿನ್ನೆ ಸಂಜೆ ತಾನೇ ಆಡಿ, ಬೆವರು ಒರೆಸಿಕೊಂಡು ಮನೆಗೆ ಹೋಗಿದೆ. ಹಾಗಂತ ಮಾವ ಒಂದು ದಿನವೂ ಹಾಕಿ ಸ್ಟಿಕ್ ಹಿಡಿದವರಲ್ಲ. ಗೆರೆಯಾಚೆ ನಿಂತು ಕೂಗಿದವರು, ಅಷ್ಟೆ. ಅದೆಂಥ ಕೂಗು! ಇಲ್ಲಿ ಅವರು ಬಾಯಿ ತೆರೆದರೆ ಅಲ್ಲಿ ಶೆಟ್ಟಿಕೊಪ್ಪದ ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವಂತೆ.

ಆಟಗಾರರನ್ನು ಮಾವ ಎಂದೂ ಹೆಸರು ಹಿಡಿದು ಕರೆದವರಲ್ಲ. ಬಲಗಡೆ ಅಂಚಿನಲ್ಲಿ ಓಡುತ್ತಿದ್ದವರು ರೈಟ್ ಔಟ್, ಗೋಲ್‌ಕೀಪರಿನ ಎಡಗಡೆ ನಿಂತು ಬಂದ ಚೆಂಡು ತಡೆಯುತ್ತಿದ್ದವರು ಲೆಫ್ಟ್ ಬ್ಯಾಕ್. "ಹೆಸ್ರು ಅಪ್ಪ ಅಮ್ಮ ಇಟ್ಟಿದ್ದು ಮಾರಾಯ್ತಿ, ಪುಕ್ಕಟೆ ಬಂದದ್ದು. ಪೊಸಿಷನ್ನು ಅವ್ರೇ ಓಡಿ ಸಂಪಾದ್ನೆ ಮಾಡಿದ್ದು" ಎನ್ನುತ್ತಾರೆ. ನನ್ನ ಮದುವೆಯ ಕರೆಯೋಲೆಗೆ ವಿಳಾಸ ಬರೆಯುವ ಕೆಲಸವನ್ನು ಬುದ್ಧಿಯಿಲ್ಲದೆ ಅವರಿಗೆ ಒಪ್ಪಿಸಿದ್ದೆವು. "ಶ್ರೀ ರೈಟ್ ಔಟ್ ಮತ್ತು ಕುಟುಂಬದವರಿಗೆ, ಕೊಪ್ಪ" ಎಂದು ಬರೆದು ಅಂಚೆ ಡಬ್ಬಿಗೆ ಹಾಕಿಯೂ ಬಂದರು. ನಾವು ತಲೆ ಚಚ್ಚಿಕೊಂಡೆವು. ಮದುವೆಯ ದಿನ ರೈಟ್ ಔಟ್ ಹೆಂಡತಿ ಮಕ್ಕಳ ಸಮೇತ ಮೊದಲನೇ ಪಂಕ್ತಿಗೇ ಹಾಜರಿದ್ದರು!

ಆ ಹನ್ನೊಂದು ಮಂದಿಗೆ ವಯಸ್ಸಾಯಿತು. ಒಬ್ಬೊಬ್ಬರಾಗಿ ಹೋಗತೊಡಗಿದರು. ತಾಪತ್ರಯ ಶುರುವಾದದ್ದು ಆಗಲೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವುದು ಲೋಕರೂಢಿ. ಸತ್ತವರ ಬಗ್ಗೆ ಸುಳ್ಳು ಹೇಳಬಾರದು ಎನ್ನುವುದು ಮಾವನ ರೂಢಿ. ಹಾಗಾಗಿ ಪ್ರತಿ ಆಟಗಾರನ ಸಾವಿನ ಮನೆಗೂ ಹೋಗಿ, ಹಾರ ಹಾಕಿ, ಕೈಮುಗಿದು, ಅಲ್ಲಿ ನೆರೆದವರಿಗೆಲ್ಲ ಕೇಳುವಂತೆ ಆತನ ಆಟದ ಗುಣವನ್ನೂ ದೋಷವನ್ನೂ ಹೇಳಿಯೇ ಬರುತ್ತಿದ್ದರು. ರೈಟ್ ಔಟ್ ಹೋದಾಗ ನಾನೇ ಜೊತೆಗಿದ್ದೆ. "ಓಟದಲ್ಲಿ ಚಿರತೆ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಬಾಲನ್ನ ಒಳಗೆ ಹೊಡೆಯುವಾಗ ಕಣ್ಣು ಮುಚ್ತಿದ್ದ" ಎಂದರು ಮಾವ. ಅಷ್ಟರವರೆಗೆ ಅಳುತ್ತಿದ್ದ ರೈಟ್ ಔಟ್ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲದಕ್ಕೂ ಹಾಗೇ ಅಣ್ಣ, ಕಣ್ಣು ಮುಚ್ಚೋದೇ" ಎಂದು ಅಳುವಿನ ನಡುವೆ ನಕ್ಕುಬಿಟ್ಟರು.

ಎಲ್ಲರೂ ಹಾಗೆ ನಗುವುದಿಲ್ಲವಲ್ಲ! ಸೆಂಟರ್ ಫಾರ್ವರ್ಡ್ ತೀರಿಕೊಂಡಾಗ "ಗೋಲು ಹೊಡೀತಿದ್ದ, ಆದ್ರೆ ಸತ್ರೂ ಪಾಸ್ ಕೊಡ್ತಿರ್ಲಿಲ್ಲ" ಎಂದು ಹೆಣದ ಎದುರೇ ಹೇಳಿ ಬಂದರು. ವೈಕುಂಠ ಸಮಾರಾಧನೆಗೆ ಹೋದಾಗ ದೊಡ್ಡ ಮಗ ಬಾಗಿಲಲ್ಲೇ ಅಡ್ಡ ನಿಂತು, "ಹೋಗ್ತೀರೋ, ನಾವೇ ಕಳಿಸಬೇಕೋ?" ಎಂದು ಕೇಳಿದ. "ಊಟ ಮಾಡಿ ಹೋಗ್ತೀನಿ" ಎಂದರು ಮಾವ. ಮಾಡಿಯೇ ಬಂದರು ಕೂಡ. ಫೋನು ಬರಲು ಶುರುವಾದದ್ದು ಅದಾದ ಮೇಲೆ.

ಅಂಗಡಿಯಲ್ಲಾದರೂ ನೆಮ್ಮದಿಯಿಂದ ಇರುತ್ತಿದ್ದರೇ? ಅಲ್ಲೊಬ್ಬರು ನಿವೃತ್ತ ಬಸ್ ಕಂಡಕ್ಟರ್. ಅವರೂ ಹಳೆಯ ತಂಡದ ಅಭಿಮಾನಿಯೇ. ಬೆಳಗ್ಗೆ ಹತ್ತಕ್ಕೆ ಬಂದು ಬೆಂಚಿನ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಇಬ್ಬರದ್ದೂ ಒಂದೇ ಚರ್ಚೆ. ಕೊಪ್ಪದ ತಂಡದ ಎದುರು ನಮ್ಮವರು ಆಡಿದ ಕೊನೆಯ ಫೈನಲ್, ಅದರ ಕೊನೆಯ ಗೋಲು. ಗೋಲುಕಂಬಗಳ ಮುಂದೆ ಅರ್ಧಚಂದ್ರದ ಹಾಗೆ ಒಂದು ಗೆರೆ ಎಳೆದಿರುತ್ತಾರೆ, ಅದಕ್ಕೆ ಡೀ ಎನ್ನುತ್ತಾರೆ. ಎದುರಾಳಿ ಆ ಗೆರೆಯ ಒಳಗೆ ನಿಂತು ಹೊಡೆದರೆ ಮಾತ್ರ ಗೋಲು. ಹೊರಗಿಂದ ಹೊಡೆದ ಚೆಂಡು ಸೀದಾ ಕಂಬಗಳ ಮಧ್ಯೆ ಹೋದರೂ ಗೋಲಲ್ಲ. ಕೊಪ್ಪದವನು ಹೊರಗಿಂದ ಹೊಡೆದ ಎಂದು ಮಾವ. ಒಳಗಿಂದ ಹೊಡೆದ, ಅಂಪೈರೇ ಗೋಲು ಕೊಟ್ಟ ಮೇಲೆ ಇನ್ನೇನು ಎಂದು ಕಂಡಕ್ಟರ್. ನಲವತ್ತು ವರ್ಷದಿಂದ ಇದೇ!

ಒಂದು ದಿನ ವಾದ ಏರಿ, ಮಾವ ಮೇಜಿನ ಮೇಲಿದ್ದ ಬಟ್ಟೆಗೇ ಸೀಮೆಸುಣ್ಣದಲ್ಲಿ ಡೀ ಬರೆದು, ಗುಂಡಿಗಳನ್ನು ಆಟಗಾರರಂತೆ ಇಟ್ಟು ತೋರಿಸಿದರು. ಕಂಡಕ್ಟರ್ ಸಿಟ್ಟಿನಿಂದ ಎದ್ದುಹೋದರು. ಅದೇ ಸಿಟ್ಟಿನಲ್ಲಿ ಮಾವ ಕತ್ತರಿ ತೆಗೆದುಕೊಂಡು ಗೆರೆ ಕಂಡಲ್ಲಿ ಕತ್ತರಿಸಿದರು. ಅದು ಮದುಮಗಳ ರೇಷ್ಮೆ ರವಿಕೆಯ ಬೆನ್ನು! ಮದುಮಗಳ ತಾಯಿ ಅಂಗಡಿಯ ಎದುರು ನಿಂತು ಮಾವನ ಏಳು ತಲೆಮಾರನ್ನು ನೆನೆದರು. ಹುಡುಗಿ ಮಾತ್ರ ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡು "ಇರ್ಲಿ ಅಮ್ಮ, ಚಂದ ಇದೆ" ಎಂದಳು. ಆ ಮದುವೆ ಕಳೆದು ತಿಂಗಳೊಳಗೆ ಇನ್ನೂ ನಾಲ್ಕು ಹುಡುಗಿಯರು ಅಂಥದ್ದೇ ಬೆನ್ನಿನ ರವಿಕೆ ಬೇಕೆಂದು ಬಂದರು.

ಆ ಗೋಲಿನ ಕಥೆಗೆ ಬಾಲವೊಂದಿತ್ತು, ನಾವೆಲ್ಲ ಹೇಳಿ ಹೇಳಿ ನಗುತ್ತಿದ್ದ ಬಾಲ. ಚೆಂಡು ನಮ್ಮ ಲೆಫ್ಟ್ ಬ್ಯಾಕಿನ ಕಾಲ ಬಳಿಯೇ ಉರುಳಿ ಬಂದಿತ್ತಂತೆ. ಅವರು ಸ್ಟಿಕ್ ಇಟ್ಟಿದ್ದರೆ ನಿಲ್ಲುತ್ತಿತ್ತು. ಆದರೆ ಹಿಂದಿನಿಂದ ಯಾರೋ "ಬಿಡು! ಹೊರಗಿಂದು! ಬಿಡು!" ಎಂದು ಕೂಗಿದರು. ಅವರು ಸ್ಟಿಕ್ ಎತ್ತಿಬಿಟ್ಟರು, ಚೆಂಡು ಗೋಲಿನೊಳಗೆ ಹೋಯಿತು, ತಂಡ ಸೋತಿತು. ಕೂಗಿದ್ದು ಗೋಲ್‌ಕೀಪರ್ ಎಂದು ಲೆಫ್ಟ್ ಬ್ಯಾಕ್. ನಾನಲ್ಲ ಎಂದು ಕೀಪರ್ ಹೆತ್ತ ತಾಯಿಯ ಮೇಲೆ ಆಣೆ ಇಟ್ಟರು. ಲೆಫ್ಟ್ ಬ್ಯಾಕ್ ನಂಬಲಿಲ್ಲ. ಒಂದೇ ಸೈಕಲ್ಲಿನಲ್ಲಿ ಆಟಕ್ಕೆ ಬರುತ್ತಿದ್ದ ಸ್ನೇಹಿತರು ಅಂದಿನಿಂದ ಮಾತು ಬಿಟ್ಟರು. ಒಬ್ಬರು ಶೆಟ್ಟಿಕೊಪ್ಪದಲ್ಲಿ, ಒಬ್ಬರು ಹಿರೇಕೊಡಿಗೆಯಲ್ಲಿ. ಒಂದೇ ಬಸ್ಸಿನಲ್ಲಿ ಸಿಕ್ಕರೆ ಒಬ್ಬರು ಮುಂದಿನ ಬಾಗಿಲು, ಇನ್ನೊಬ್ಬರು ಹಿಂದಿನ ಬಾಗಿಲು. ಕಂಡಕ್ಟರ್ ಇದನ್ನು ನಟಿಸಿ ತೋರಿಸುತ್ತಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಹೋದ ವರ್ಷ ಕೀಪರ್ ತೀರಿಕೊಂಡರು. ಲೆಫ್ಟ್ ಬ್ಯಾಕ್ ಮುಖ ನೋಡಲೂ ಹೋಗಲಿಲ್ಲ. ಮಾವ ಹೋದರು. ಅಲ್ಲಿದ್ದವರೆಲ್ಲ ಈಗ ಏನು ದೋಷ ಹೇಳುತ್ತಾರೋ ಎಂದು ಕಾದರು. ಮಾವ ಕಂಬದ ಹಿಂದೆ ನಿಂತಿದ್ದು ಒಂದು ಮಾತೂ ಆಡದೆ ಬಂದರು. ಗಂಡನಿಗೆ ಬುದ್ಧಿ ಬಂದರೆ ಶಾರದಾಂಬೆಗೆ ಸೀರೆ ಕೊಡುತ್ತೇನೆಂದು ಹರಕೆ ಹೊತ್ತಿದ್ದ ನಮ್ಮತ್ತೆ ಮಾರನೇ ವಾರವೇ ಶೃಂಗೇರಿಗೆ ಹೋಗಿ ಸೀರೆ ಒಪ್ಪಿಸಿ ಬಂದರು. ಮಾವ ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ನಾವ್ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹನ್ನೊಂದರಲ್ಲಿ ಉಳಿದದ್ದು ಲೆಫ್ಟ್ ಬ್ಯಾಕ್ ಒಬ್ಬರೇ. ಈ ಸಲದ ಬೇಸಿಗೆಯಲ್ಲಿ ಅವರೂ ಹಾಸಿಗೆ ಹಿಡಿದರು. ಅವರಿಂದ ಕಂಡಕ್ಟರ್ ಮೂಲಕ ಮಾತು ಬಂತು: "ನಾ ಸತ್ತ ಮೇಲೆ ಬಂದು ಎಂತ ಹೇಳ್ತಾನೋ ಅದನ್ನ ಈಗ್ಲೇ ಬಂದು ಹೇಳಕ್ಕೆ ಹೇಳು. ನಂಗೂ ಕೇಳ್ಬೇಕು."

ನಾನು ಕೊಪ್ಪದಲ್ಲಿ ಶಾಲೆಯ ಟೀಚರು. ಭಾನುವಾರ ಕಾರು ತಂದು ಮಾವನನ್ನು ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ತಮಾಷೆಗೆ, "ಆ ಬಿಟ್ಟ ಗೋಲಿನ ವಿಷಯ ಮಾತ್ರ ಎತ್ತಬೇಡಿ ಮಾವ, ಕಾಯಿಲೆ ಮನುಷ್ಯ" ಎಂದೆ.

ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಕೂಗಿದ್ದು ನಾನು ಮಾರಾಯ್ತಿ."

ನಾನು ಕಾರು ನಿಲ್ಲಿಸಿದೆ.

"ಗೋಲಿನ ಹಿಂದ್ಗಡೆ, ಕೀಪರ್ ಬೆನ್ನಿಗೇ ನಿಂತಿದ್ದೆ. ಅಲ್ಲಿ ಯಾರೂ ನಿಲ್ಲಬಾರ್ದು. ನಾ ನಿಂತಿದ್ದೆ. ಹೊರಗಿಂದ ಹೊಡ್ದದ್ದು ಅಂತ್ಲೇ ನನ್ ಕಣ್ಣಿಗೆ ಕಂಡದ್ದು. ಕೂಗ್ದೆ. ಅವ ಬಿಟ್ಟ."

"ಮತ್ತೆ ಇಷ್ಟು ವರ್ಷ ಹೇಳಲಿಲ್ಲ?"

"ಅವತ್ತು ಹೇಳಿದ್ರೆ ಹೊಡೀತಿದ್ರು. ಮರುದಿನ ಹೇಳ್ವ ಅಂದ್ಕಂಡೆ. ಆಮೇಲೆ ಡೀ ಹೊರಗಿಂದು ಅಂತ ಒಬ್ರಾದ್ರೂ ಒಪ್ಪಿದ್ರೆ ಹೇಳ್ವ ಅಂದ್ಕಂಡೆ. ಒಪ್ಪಿದ್ರೆ ನನ್ ಕೂಗು ಸರಿ ಆಗ್ತಿತ್ತಲ್ಲ. ಯಾರೂ ಒಪ್ಲಿಲ್ಲ."

ನನಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಊರಿನ ಹೆಣಗಳಿಗೆಲ್ಲ ಸತ್ಯ ಹೇಳಿ ಬಂದ ಈ ಮನುಷ್ಯ ಬದುಕಿದ್ದ ಇಬ್ಬರಿಗೆ ಒಂದು ಸತ್ಯ ಹೇಳಲಿಲ್ಲವಲ್ಲ! ಬಸ್ಸಿನ ಎರಡು ಬಾಗಿಲ ಕಥೆಗೆ ನಾನೂ ನಕ್ಕಿದ್ದೆ ಎನ್ನುವುದು ನೆನಪಾಗಿ ನಾಚಿಕೆಯೂ ಆಯಿತು. "ಇವತ್ತು ಹೇಳ್ತೀರೋ ಇಲ್ಲವೋ?" ಎಂದು ಕೇಳಿದೆ. "ಹೇಳಿದ್ರೆ ಅವ ಸಾಯುವಾಗ ಅದೊಂದು ಸಂಕಟ. ಹೇಳದಿದ್ರೆ ಕೀಪರ್ ಸುಳ್ಳ ಅಂತ್ಲೇ ಅಂದ್ಕಂಡು ಹೋಗ್ತಾನೆ. ಎಂತ ಮಾಡ್ಲಿ, ನೀನೇ ಹೇಳು" ಎಂದರು. ನಾನು ಕಾರು ಸ್ಟಾರ್ಟ್ ಮಾಡಿದೆ.

ಲೆಫ್ಟ್ ಬ್ಯಾಕ್ ಜಗಲಿಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಆರಡಿ ಆಳು, ಹೊದಿಕೆಯ ಕೆಳಗೆ ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದುಹೋಗಿದ್ದರು. "ಬಂದ್ಯ ಯಮದೂತ! ಹೇಳು, ನನ್ ದೋಷ ಎಂತದು?" ಎಂದು ನಕ್ಕರು. ಸೊಸೆ ಕಾಫಿ ತಂದಿಟ್ಟು ಒಳಗೆ ಹೋದಳು.

ಮಾವ ಕಾಫಿ ಮುಟ್ಟಲಿಲ್ಲ. ನಿಂತೇ ಇದ್ದರು. "ನಿಂಗೆ ದೋಷ ಇಲ್ಲ. ಅವತ್ತು ಬಿಡು ಅಂತ ಕೂಗಿದ್ದು ಕೀಪರ್ ಅಲ್ಲ. ನಾನು" ಎಂದರು. ಎಮ್ಮೆ ಎಬ್ಬಿಸುತ್ತಿದ್ದ ಆ ಗಂಟಲಿನಿಂದ ಎದುರಿಗಿದ್ದ ನನಗೇ ಸರಿಯಾಗಿ ಕೇಳದಷ್ಟು ಸಣ್ಣ ದನಿ ಬಂತು.

ಲೆಫ್ಟ್ ಬ್ಯಾಕ್ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಮಾಡಿನ ಹೆಂಚನ್ನೇ ನೋಡುತ್ತ ಮಲಗಿದ್ದರು.

"ಅವ ಅಮ್ಮನ ಮೇಲೆ ಆಣೆ ಇಟ್ಟಿದ್ದ" ಎಂದರು ಕೊನೆಗೆ. "ನನ್ ಮನೆ ಅಂಗಳಕ್ಕೆ ಬಂದು ಆಣೆ ಇಟ್ಟ. ನಾ ಬಾಗ್ಲು ಹಾಕ್ದೆ."

"ತಪ್ಪಾಯ್ತು ಮಾರಾಯ."

"ಅವ ಇರುವಾಗ ಹೇಳ್ಬೇಕಿತ್ತು."

"ಹೌದು."

"ಮಗಳ ಮದುವೆಗೆ ಕರೆಯಕ್ಕೆ ಅವ್ನೇ ಬಂದಿದ್ದ. ನಾ ಹಿತ್ತಲಿಗೆ ಹೋಗಿ ನಿಂತಿದ್ದೆ."

ಮಾವ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಂಥ ಹೊತ್ತಿನಲ್ಲಿ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಕೈಯಲ್ಲಿದ್ದ ಲೋಟವನ್ನು ನೋಡುತ್ತ ಕೂತೆ. ಕಾಫಿ ಆರಿಹೋಯಿತು.

ಲೆಫ್ಟ್ ಬ್ಯಾಕ್ ಮಂಚದ ಪಕ್ಕದ ಸ್ಟೂಲನ್ನು ಕೈಯಿಂದ ತಟ್ಟಿದರು. "ಕೂತ್ಕ" ಎಂದರು. ಮಾವ ಕೂತರು.

"ಅವ ಸತ್ತಾಗ ಎಂತ ಹೇಳ್ದೆ ಅವನ ಬಗ್ಗೆ?"

"ಎಂತೂ ಹೇಳ್ಲಿಲ್ಲ. ಬಾಯಿ ಬರ್ಲಿಲ್ಲ."

"ಈಗ ಹೇಳು. ನಾ ಹೋಗ್ಲಿಲ್ಲ ಅಲ್ಲನಾ? ಕೇಳ್ತೀನಿ."

ಮಾವ ಶರ್ಟಿನ ತೋಳಿಗೆ ಕಣ್ಣು ಒರೆಸಿಕೊಂಡು ಶುರು ಮಾಡಿದರು. ಕೀಪರ್ ಬಲಗಡೆ ನೆಗೆಯುವುದು, ಒದ್ದೆ ನೆಲದಲ್ಲಿ ಚೆಂಡು ಯಾವ ಕಡೆ ಜಾರುತ್ತದೆಂದು ಮೊದಲೇ ಊಹಿಸುವುದು, ಹಲ್ಲು ಮುರಿದರೂ ಆಟ ಮುಗಿಯುವವರೆಗೆ ಯಾರಿಗೂ ಹೇಳದಿದ್ದದ್ದು. ಲೆಫ್ಟ್ ಬ್ಯಾಕ್ ಕಣ್ಣು ಮುಚ್ಚಿಕೊಂಡು, ಒಂದು ಮುಗಿದ ಕೂಡಲೇ "ಮತ್ತೆ?" ಎನ್ನುತ್ತಿದ್ದರು. ಮತ್ತೆ ಮತ್ತೆ ಎನ್ನುತ್ತ ಮಧ್ಯಾಹ್ನ ಕಳೆಯಿತು. ಹೇಳಲು ಇನ್ನೇನೂ ಉಳಿಯದಾದಾಗ ಮಾವ, "ಒಂದೇ ಒಂದು ದೋಷ. ಎಡಗಡೆಗೆ ಬಂದ ಬಾಲಿಗೆ ಅವ ಯಾವತ್ತೂ ನೆಗೀತಿರ್ಲಿಲ್ಲ. ಆ ಕಡೆ ಸ್ವಲ್ಪ ನಿಧಾನ" ಎಂದರು.

ಲೆಫ್ಟ್ ಬ್ಯಾಕ್ ಕಣ್ಣು ತೆರೆದರು. ಮೊಣಕೈ ಊರಿ, ಕಷ್ಟಪಟ್ಟು ಎದ್ದು ಕೂತರು.

"ನಿಧಾನ ಅಲ್ಲ ಮಾರಾಯ. ಆ ಕಡೆ ನಾನಿದ್ದೆ. ಅವ ನನ್ನ ನಂಬಿದ್ದ."