ಆರು ತುಂಬಿದವಳಿಗೆ ಕರಡಿ ಕೊಡದ ಯಂತ್ರಕ್ಕೆ

ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಬಾಗಿಲ ಪಕ್ಕ ವಿರಾಜಮಾನರಾಗಿ, ಯಾವ ಮಗು ಯಾವ ಪುಸ್ತಕ ಓದಬೇಕೆಂದು ತೀರ್ಮಾನಿಸುವ ಮಾನ್ಯ ಯಂತ್ರ ಮಹೋದಯರೇ,

ತಮ್ಮ ಹಸಿರು ದೀಪಕ್ಕೂ ಕೆಂಪು ದೀಪಕ್ಕೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು. ನಾಲ್ಕು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದರೂ, ಮುಖ ನೋಡದೆಯೇ ಮಗುವಿನ ಬುದ್ಧಿಯನ್ನು ಅಳೆಯುವ ವಿದ್ಯೆ ನನಗೆ ಒಲಿಯಲಿಲ್ಲ. ಚಪ್ಪಲಿ ಕೊಳ್ಳುವಾಗಲೂ ಹುಟ್ಟಿದ ದಿನ ಕೇಳದೆ ಕಾಲು ನೋಡುವ ಹಳೆಯ ಕಾಲದವಳು.

ವಿಷಯ ಇಷ್ಟೇ. ನನ್ನ ಮೊಮ್ಮಗಳಿಗೆ ಅಕ್ಷರ ಕಂಡರೆ ಹೆದರಿಕೆ. ಕೊಡೆ ಕಳೆದುಕೊಂಡ ಕರಡಿಯ ಚಿತ್ರಪುಸ್ತಕವೊಂದನ್ನು ಮಾತ್ರ, ಪುಟಕ್ಕೊಂದೇ ಸಾಲಿದೆಯೆಂಬ ಧೈರ್ಯದಿಂದ, ಮತ್ತೆ ಮತ್ತೆ ಮನೆಗೆ ತರುತ್ತಿದ್ದಳು. ಮೊದಮೊದಲು ಚಿತ್ರ ನೋಡಿ ತಾನೇ ಕಥೆ ಕಟ್ಟಿದಳು, ಆಮೇಲೊಂದು ದಿನ ಬೆರಳಿಟ್ಟು ‘ಕರಡಿ’ ಎಂದು ಓದಿಯೇಬಿಟ್ಟಳು. ಅಷ್ಟರಲ್ಲಿ ಅವಳಿಗೆ ಆರು ತುಂಬಿತು. ಮರುದಿನವೇ ತಾವು ಅವಳ ಕಾರ್ಡನ್ನು ಮೂಸಿ ನೋಡಿ, ಕೆಂಪು ದೀಪ ಹೊತ್ತಿಸಿ, ಕರಡಿಯನ್ನು ಕೊಡಲೊಪ್ಪದೆ, ಇರುವೆಸಾಲಿನಂಥ ಅಕ್ಷರಗಳ ದಪ್ಪ ಪುಸ್ತಕವೊಂದನ್ನು ಓದುವಂತೆ ಅಪ್ಪಣೆ ಕೊಡಿಸಿದಿರಿ. ಗ್ರಂಥಪಾಲಕಿಯವರು ಪಾಪ, “ನಾನೇನ್ಮಾಡ್ಲಿ ಅಮ್ಮಾ, ಅದು ಒಪ್ಪಲ್ಲ ಅಂದ್ರೆ ಒಪ್ಪಲ್ಲ” ಎಂದು ಮಾವನವರ ಮುಂದೆ ನಿಂತ ಸೊಸೆಯಂತೆ ತಲೆ ತಗ್ಗಿಸಿದರು. ಮೊಮ್ಮಗಳು ಮನೆಯ ಗೇಟಿನ ಹತ್ತಿರ, “ಅಜ್ಜೀ, ನಂಗೆ ವಯಸ್ಸಾಗೋಯ್ತಾ?” ಎಂದಳು. ಆ ದಪ್ಪ ಪುಸ್ತಕ ಈಗ ನಮ್ಮ ಕಿಟಕಿ ಬಡಿಯದಂತೆ ಹಿಡಿದಿದೆ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಅವಳು ಮಾತ್ರ ಯಾವ ಪುಸ್ತಕವನ್ನೂ ಮುಟ್ಟದಾದಳು.

ನನ್ನ ಕಾರ್ಡಿನಲ್ಲಾದರೂ ಕರಡಿಯನ್ನು ಕೇಳೋಣವೆಂದರೆ ತಾವು ಮಂಡಿನೋವಿನ ಪುಸ್ತಕ ಮುಂದೆ ಮಾಡಿದಿರಿ. ಹಲ್ಲಿದ್ದವರಿಗೆ ಕಡಲೆಯಿಲ್ಲವೆಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಜಾರಿಗೆ ತಂದವರನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಬಲ್ಲ ತಾವು ಒಂದು ಸಂಜೆ ನಮ್ಮ ಮನೆಗೆ ದಯಮಾಡಿಸಿ, ಅವಳ ಅಲುಗಾಡುವ ಹಾಲುಹಲ್ಲಿಗೆ ಬೀಳುವ ತಾರೀಖು ಗೊತ್ತುಮಾಡಿ, ನಲವತ್ತು ದಾಟಿಯೂ ಎರಡನೆಯ ಪುಟಕ್ಕೇ ಗೊರಕೆ ಹೊಡೆಯುವ ನನ್ನ ಹಿರಿಯ ಮಗ ಯಾವ ಹಂತದಲ್ಲಿದ್ದಾನೆಂದು ತಿಳಿಸಿ, ಕೊನೆಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕರಡಿಯ ದನಿಯಲ್ಲಿ ಕಥೆ ಹೇಳಬೇಕಾಗಿ ಪ್ರಾರ್ಥನೆ. ತೊಡೆ ತಾವೇ ತರತಕ್ಕದ್ದು.

ತಾವು ಬರುವವರೆಗೆ ಕಾಯಲಾರದೆ, ಈಗಷ್ಟೇ ಹಲ್ಲು ಮೂಡುತ್ತಿರುವ ಅವಳ ತಮ್ಮನ ಹೆಸರಿನಲ್ಲಿ ಕಾರ್ಡು ಮಾಡಿಸಿದೆ. ಅವನಿಗೆ ತಾವು ಮರುಮಾತಿಲ್ಲದೆ ಹಸಿರು ದೀಪ ತೋರಿಸಿದಿರಿ. ನಿನ್ನೆ ಅಕ್ಕ ಅವನನ್ನು ಎದುರಿಗೆ ಕೂರಿಸಿಕೊಂಡು, “ಕೇಳಿಸ್ಕೋ ಪುಟ್ಟಾ, ಇದು ಚಿಕ್ಕೋರ್ ಪುಸ್ತಕ, ನಿಂಗೋಸ್ಕರ ಓದ್ತಿದೀನಿ ಅಷ್ಟೇ” ಎಂದು ಬಿಂಕ ಮಾಡಿ, ಬೆರಳಿಟ್ಟು, ‘ಕರಡಿ ನೆನೆಯಿತು, ಆದರೂ ನಕ್ಕಿತು’ ಎಂದು ಪೂರ್ತಿ ಸಾಲು ಓದಿದಳು. ನಾನು ಅಡುಗೆಮನೆಯ ನಲ್ಲಿ ನಿಲ್ಲಿಸಿ ಕೇಳಿಸಿಕೊಂಡೆ.

ತಮ್ಮ ಲೆಕ್ಕದಲ್ಲಿ ಮಂಡಿನೋವಿಗಷ್ಟೇ ಅರ್ಹಳಾದ,
ತಮ್ಮ ವಿಶ್ವಾಸಿ,
ಇಬ್ಬರು ಓದುಗರ ಅಜ್ಜಿ

ವಿ.ಸೂ.: ಕರಡಿ ಪುಸ್ತಕದ ಬೆನ್ನಿಗೆ ತಾವು ಅಂಟಿಸಿದ್ದ ವಯಸ್ಸಿನ ಚೀಟಿಯನ್ನು ಮೊಮ್ಮಗ ಅಗಿದು ಹಾಕಿದ್ದಾನೆ. ಬೇಸರಿಸಬಾರದು, ಆ ಪುಸ್ತಕದಲ್ಲಿ ಅವನ ವಯಸ್ಸಿಗೆ ತಕ್ಕದ್ದು ಅದೊಂದೇ ಇತ್ತು.