ನಕ್ಷತ್ರಕ್ಕೆ ತಳ ಹಾಕಿದ್ದು

ಸಾಗರದ ಪೇಟೆಯಲ್ಲಿ ತಗಡಿನ ಕೆಲಸಕ್ಕೆ ನನ್ನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಇದು ಜಂಬವಲ್ಲ, ಇದ್ದ ಇನ್ನೊಬ್ಬ ಭದ್ರಾವತಿಗೆ ಹೋಗಿದ್ದ. ಆದರೂ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನೆಂಬ ಸಂಗತಿಯನ್ನು ನನ್ನ ಹೆಂಡತಿಯ ಅಣ್ಣ, ಹೊಸನಗರದ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ಪ್ರತಿ ಹಬ್ಬದಲ್ಲೂ ಪಾಯಸದ ಜತೆಗೇ ಬಡಿಸುತ್ತಿದ್ದರು.

ಒಂದು ದಿನ ಕಾಲೇಜಿನ ಲೆಕ್ಚರರೊಬ್ಬರು ಅಂಗಡಿಗೆ ಬಂದರು. ಭಾವನ ಹೈಸ್ಕೂಲಿನಲ್ಲೇ ಅವರ ಭಾಷಣವಂತೆ. ತನ್ನ ಭಾರಕ್ಕೆ ತಾನೇ ಕುಸಿದ ನಕ್ಷತ್ರದ ಸುತ್ತ ಆಕಾಶವೇ ಬಾಗುತ್ತದಂತೆ, ಒಳಗೆ ಬಿದ್ದರೆ ಬೆಳಕೂ ವಾಪಸ್ ಬರುವುದಿಲ್ಲವಂತೆ. ಅದನ್ನು ತೋರಿಸಲು ಲಾಳಿಕೆಯಂಥ ದೊಡ್ಡ ತಗಡು ಬೇಕು. ಅಳತೆ ಬರೆದು ತಂದಿದ್ದರು: ನಡುವಿನಿಂದ ಹತ್ತು ಇಂಚು ದೂರದಲ್ಲಿ ಎತ್ತರ ಆರು, ಐದರಲ್ಲಿ ನಾಲ್ಕು, ಎರಡರಲ್ಲಿ ಎರಡು, ಒಂದರಲ್ಲಿ ಸೊನ್ನೆ.

"ಒಂದಿಂಚಿನ ಒಳಗೆ ಎಷ್ಟು ಸಾರ್?"

"ಅಲ್ಲಿ ನನ್ನ ಲೆಕ್ಕ ನಿಂತುಹೋಗುತ್ತೆ ಮಂಜಪ್ಪ. ವರ್ಗಮೂಲದೊಳಗೆ ಮೈನಸ್ ಬರುತ್ತೆ."

ಪಾಪ, ಇಷ್ಟು ಓದಿ ಒಂದಿಂಚಿಗೆ ಸೋತಿದ್ದರು! ನಾನು ಕೇಳಿದ್ದು ಒಂದೇ: "ಸಭೇಲಿ ನನ್ನ ಹೆಸರು ಹೇಳ್ಬೇಕು ಸಾರ್. ಮುಂದಿನ ಸಾಲಲ್ಲೇ ನಮ್ಮ ಭಾವ ಕೂತಿರ್ತಾರೆ."

"ಖಂಡಿತ ಹೇಳ್ತೀನಿ," ಎಂದರು.

ಚೀಟಿಯನ್ನು ಮತ್ತೆ ನೋಡಿದೆ. ಆರು, ನಾಲ್ಕು, ಎರಡು, ಸೊನ್ನೆ. ಪ್ರತಿಸಲ ಎರಡು ಕಡಿಮೆ! ಹಾಗಾದರೆ ಮುಂದೆ ಇನ್ನೂ ಎರಡಿಂಚು ಕೆಳಗೆ ಎಂಬುದು ನಾಲ್ಕನೇ ಕ್ಲಾಸಿಗೇ ಸಾಕಾಗುವ ಲೆಕ್ಕ. ತಗಡನ್ನು ಚೀಟಿಯ ಅಳತೆಗೆ ಬಾಗಿಸಿ, ಎರಡಿಂಚು ಆಳದ ಬಟ್ಟಲೊಂದನ್ನು ಬಡಿದು, ನಡುವೆ ಉಳಿದ ತೂತಿಗೆ ಬೆಸುಗೆ ಹಾಕಿ, ಕನ್ನಡಿಯಂತೆ ನುಣುಪು ಮಾಡಿದೆ. ಆಮೇಲೆ ಅಂಗಡಿಯ ಪದ್ಧತಿಯಂತೆ ನೀರು ತುಂಬಿಸಿ ನೋಡಿದೆ. ಒಂದು ಹನಿ ಸೋರಲಿಲ್ಲ!

"ಅಲ್ಲಾ ಮಾರಾಯ್ರೇ, ಲಾಳಿಕೆಗೆ ಯಾರಾದ್ರೂ ತಳ ಹಾಕ್ತಾರಾ?" ಎಂದಳು ಹೆಂಡತಿ.

"ಲಾಳಿಕೆ ಅಲ್ಲ ಕಣೆ, ನಕ್ಷತ್ರ ಇದು!"

"ನೀರು ತುಂಬ್ಸಿ ನೋಡ್ತಿದ್ರಲ್ಲ, ಅದ್ಕೇ ಕೇಳ್ದೆ. ಅವ್ರನ್ನೊಂದು ಮಾತು ಕೇಳ್ಬಾರ್ದಾ?"

ಕೇಳುವುದೇ? ಅವರಿಗೆ ಗೊತ್ತಿದ್ದರೆ ತಾನೇ!

ಹೊಸನಗರದ ಬಸ್ಸು ಹತ್ತಿ, ಗೋಣಿ ಸುತ್ತಿದ ನಕ್ಷತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಭಾವನ ಬೋಳುತಲೆ ಹೊಳೆಯುತ್ತಿತ್ತು. ಹೊತ್ತು ನೋಡಿ ನಾನೇ ಗೋಣಿ ಬಿಚ್ಚಿ, ಮೇಜಿನ ಮೇಲಿಟ್ಟು, ಹಿಂದೆ ಹೋಗಿ ಕೂತೆ.

ಲೆಕ್ಚರರು ಗೋಲಿಯೊಂದನ್ನು ಎತ್ತಿ ಹಿಡಿದರು. "ಒಮ್ಮೆ ಒಳಗೆ ಹೋದರೆ ಮುಗಿಯಿತು. ಇನ್ನು ಈ ಗೋಲಿಯನ್ನು ಯಾರೂ ಕಾಣಲಾರಿರಿ!" ಎಂದು ಜೋರಾಗಿ ಉರುಳಿಸಿದರು.

ಗೋಲಿ ಸರ್ರನೆ ಇಳಿಯಿತು. ನನ್ನ ನುಣುಪಾದ ಬಟ್ಟಲಿಗೆ ಬಂತು. ಅಷ್ಟೇ ರಭಸದಿಂದ ಆಚೆ ದಡ ಹತ್ತಿ, ಅಂಚು ಹಾರಿ, ಭಾವನ ಬೋಳುತಲೆಗೆ ಟಪ್ಪೆಂದು ಬಡಿಯಿತು!

ಭಾವ ತಲೆ ಸವರಿಕೊಂಡು ಎದ್ದರು. "ಸಾರ್, ವಾಪಸ್ ಬಂತಲ್ರೀ!"

ಇಡೀ ಹೈಸ್ಕೂಲು ನಕ್ಕಿತು. ಲೆಕ್ಚರರು ಬಗ್ಗಿ, ಬೆರಳು ಹಾಕಿ ತಳ ಮುಟ್ಟಿ ನೋಡಿದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ಮೈಕಿನ ಹತ್ತಿರ ಬಂದು ಸ್ಪಷ್ಟವಾಗಿ ಹೇಳಿದರು:

"ಇದನ್ನು ಮಾಡಿದವರು ಸಾಗರದ ತಗಡಿನ ಮಂಜಪ್ಪನವರು. ದಯವಿಟ್ಟು ಎದ್ದು ನಿಲ್ಲಬೇಕು."

ಭಾವ ನಿಧಾನವಾಗಿ ಹಿಂದಕ್ಕೆ ತಿರುಗಿದರು.

ಆಗ ಅಡಗಿಕೊಳ್ಳಲು ನನಗೆ ಬೇಕಾಗಿದ್ದದ್ದು ಒಂದೇ ಒಂದು ತೂತು. ಇದ್ದದ್ದನ್ನೂ ಹನಿ ಸೋರದಂತೆ ನಾನೇ ಮುಚ್ಚಿದ್ದೆ!